ಊಟ ಬಿಟ್ಟ ಪ್ಯಾಕ್‌ಮ್ಯಾನ್ ಕಪ್ಪೆ: ಜನವರಿಯಿಂದ ಮಾರ್ಚ್‌ವರೆಗಿನ ದಾಖಲೆ

ಜನವರಿ, ಮೊದಲ ವಾರ: ಬಂದಾಗಿನ ಸ್ಥಿತಿ

ಜಾತಿ ಕ್ರಾನ್‌ವೆಲ್ ಕೊಂಬುಗಪ್ಪೆ. ಅಂಗಡಿಗಳಲ್ಲಿ ಪ್ಯಾಕ್‌ಮ್ಯಾನ್ ಕಪ್ಪೆ ಅಂತಲೇ ಮಾರಾಟ. ಮೂಲ ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾಗಳಿಗೆ ಹರಡಿರುವ ಗ್ರಾನ್ ಚಾಕೊ ಬಯಲು. ಈಗಿರುವುದು ಅಮೆರಿಕದ ಮಿನೆಸೋಟದ ಮನೆಯೊಂದರಲ್ಲಿ. ಹೆಸರು ಗುಂಡ. ಹಿಂದೆ ಸಾಕಿದವರು ಊರು ಬಿಡುವಾಗ ಒಪ್ಪಿಸಿದ ಕಪ್ಪೆ. ಜತೆಗೆ ಬಂದ ಮಾಹಿತಿ ಎಂದರೆ ನವೆಂಬರ್ ಮಧ್ಯದಿಂದ ಏನೂ ತಿಂದಿಲ್ಲ, ಮಣ್ಣಿನಡಿ ಹೂತುಕೊಂಡೇ ಇದೆ ಎಂಬುದಷ್ಟೇ.

ತೂಕ 96 ಗ್ರಾಂ. ಕಣ್ಣು ಒಳಗೆ ಸೇರಿವೆ, ಪಕ್ಕೆಯ ಚರ್ಮ ಮಡಿಕೆ ಬಿದ್ದಿದೆ. ಬೆನ್ನಿನ ಮೇಲೆ ಒಣಗಿದ ಅಂಟಿನಂಥ ತೆಳು ಪೊರೆ. ತೊಟ್ಟಿಯ ತೆಂಗಿನ ನಾರಿನ ಪುಡಿ ಮೇಲಿಂದ ಕೆಳಗಿನವರೆಗೂ ಒಣಗಿತ್ತು. ಪ್ರೋಬ್ ಥರ್ಮಾಮೀಟರ್ ಪುಡಿಯೊಳಗೆ 19 ಡಿಗ್ರಿ ಸೆಲ್ಸಿಯಸ್ ತೋರಿಸಿತು, ತೇವಾಂಶ ಶೇ. 28. ಈ ಕಪ್ಪೆಗೆ ಬೇಕಿರುವುದು ಹಗಲು 25ರಿಂದ 28 ಡಿಗ್ರಿ, ರಾತ್ರಿ 22ಕ್ಕಿಂತ ಕೆಳಗಿಳಿಯದ ಶಾಖ, ಶೇ. 60ರಿಂದ 80 ತೇವ.

ಇಷ್ಟು ನೋಡಿದರೆ ಮೊದಲ ಕಾರಣ ಅರ್ಥವಾಗುತ್ತದೆ. ಗ್ರಾನ್ ಚಾಕೊದಲ್ಲಿ ಒಣಗಾಲ ಬಂದಾಗ ಕೊಂಬುಗಪ್ಪೆ ನೆಲದೊಳಗೆ ಇಳಿದು, ಉದುರಬೇಕಾದ ಚರ್ಮವನ್ನು ಪದರ ಪದರವಾಗಿ ಮೈಮೇಲೇ ಉಳಿಸಿಕೊಂಡು ಕೋಶ ಕಟ್ಟುತ್ತದೆ. ಒಳಗಿನ ನೀರು ಹೊರಹೋಗದ ಹಾಗೆ ಈ ಕೋಶ ತಡೆಯುತ್ತದೆ. ಅಷ್ಟೂ ಕಾಲ ಊಟವಿಲ್ಲ. ನಮ್ಮ ಕಡೆ ಮೊದಲ ಮಳೆ ಬಿದ್ದ ರಾತ್ರಿ ಎಲ್ಲಿಂದಲೋ ಎದ್ದು ಬಂದು ವಟಗುಟ್ಟುವ ಬಿಲಗಪ್ಪೆಗಳೂ ಬೇಸಿಗೆಯನ್ನು ಮಣ್ಣಿನಡಿಯಲ್ಲೇ ಕಳೆದಿರುತ್ತವೆ. ಅಮೆರಿಕದ ಚಳಿ ಸೀಮೆಯಲ್ಲಿ ಮನೆಯ ಹೀಟರ್ ಗಾಳಿಯ ತೇವವನ್ನೆಲ್ಲ ಒಣಗಿಸಿಬಿಡುತ್ತದೆ; ಕಪ್ಪೆಗೆ ಅದೇ ಬರಗಾಲ. ಆದರೆ ನಿಜವಾದ ಬರಗಾಲಕ್ಕೆ ಮುಂಚೆ ಅದು ಮೈತುಂಬ ಕೊಬ್ಬು ಕೂಡಿಸಿಕೊಂಡಿರುತ್ತದೆ. ತೊಟ್ಟಿಯಲ್ಲಿ ಅಂಥ ತಯಾರಿ ಇರುವುದಿಲ್ಲ. ಆದ್ದರಿಂದ "ನಿದ್ದೆ ಮಾಡ್ತಿದೆ, ಬಿಡಿ" ಎನ್ನುವ ಸಲಹೆಯನ್ನು ನಾವು ಒಪ್ಪುವುದಿಲ್ಲ.

ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಲಕ್ಷಣ ಇದೆಯೇ ಎಂದು ಮೊದಲು ಪರೀಕ್ಷೆ. ಹೊಟ್ಟೆ ಅಥವಾ ಒಳತೊಡೆಯಲ್ಲಿ ಕೆಂಪು, ಮೈಯೆಲ್ಲ ಬಾವು, ಗುದದಿಂದ ಹೊರಬಂದ ಅಂಗಾಂಶ, ಕೈಕಾಲಿನ ಸೆಳೆತ, ಒತ್ತಿದರೆ ಬಾಗುವ ದವಡೆ, ಮುಚ್ಚದ ಬಾಯಿ: ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಕೊನೆಯ ಪರೀಕ್ಷೆ, ಮೆಲ್ಲಗೆ ಅಂಗಾತ ಮಾಡಿ ನೋಡುವುದು. ಆರೋಗ್ಯವಾಗಿರುವ ಕಪ್ಪೆ ತಕ್ಷಣ ಮಗುಚಿಕೊಳ್ಳುತ್ತದೆ. ಗುಂಡ ನಿಧಾನವಾಗಿ, ಆದರೆ ಯಾರ ಸಹಾಯವೂ ಇಲ್ಲದೆ ಮಗುಚಿಕೊಂಡಿತು. ದವಡೆ ಗಟ್ಟಿ, ಕೆಂಪು ಇಲ್ಲ. ತುರ್ತಿಲ್ಲ ಎಂದಾಯಿತು. ಆದರೂ ವೈದ್ಯರ ಸಮಯ ಅವತ್ತೇ ಕಾದಿರಿಸಿದ್ದು, ಏಕೆಂದರೆ ಕಪ್ಪೆ ನೋಡುವ ವೈದ್ಯರು ಕಡಿಮೆ, ಸರದಿ ಉದ್ದ.

ಈ ಹಂತದಲ್ಲಿ ಹುಳ ತೋರಿಸಿಲ್ಲ. ತಣ್ಣಗಿರುವ, ಒಣಗಿರುವ ಕಪ್ಪೆಯ ಕರುಳು ಕೆಲಸ ಮಾಡುವುದಿಲ್ಲ. ನುಂಗಿಸಿದರೂ ಅದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಮೊದಲು ನೀರು, ಆಮೇಲೆ ಶಾಖ, ಆಮೇಲೆ ತಪಾಸಣೆ, ಕೊನೆಗೆ ಊಟ. ಊಟ ಬಿಟ್ಟ ಕಪ್ಪೆಗಳ ವಿಷಯದಲ್ಲಿ ಈ ಕ್ರಮ ತಪ್ಪುವುದೇ ಹೆಚ್ಚು ಅನಾಹುತಕ್ಕೆ ಕಾರಣ.

ಅದೇ ವಾರ: ನೀರು ಮತ್ತು ಶಾಖ

ಆಸ್ಪತ್ರೆ ಡಬ್ಬಿ: 12 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ತೂತು, ಕೆಳಗೆ ಬಣ್ಣ, ವಾಸನೆ ಹಾಕದ ಪೇಪರ್ ಟವೆಲ್ ಒದ್ದೆ ಮಾಡಿ ಎರಡು ಪದರ. ದಿನಕ್ಕೊಮ್ಮೆ ಬದಲು. ಅಡಗಲು ಒಂದು ಅರ್ಧ ಬಟ್ಟಲು. ಮಣ್ಣು, ನಾರು ಏನೂ ಬೇಡ, ಏಕೆಂದರೆ ಮಲ ಕಣ್ಣಿಗೆ ಬೀಳಬೇಕು. ಹೀಟ್ ಮ್ಯಾಟ್ ಡಬ್ಬಿಯ ಪಕ್ಕಕ್ಕೆ ಅಂಟಿಸಿ ಥರ್ಮೋಸ್ಟಾಟ್ 26ಕ್ಕೆ ಇಟ್ಟದ್ದು. ಮ್ಯಾಟನ್ನು ತಳಕ್ಕೆ ಅಂಟಿಸಿದರೆ ಅಪಾಯ: ಸೆಖೆಯಾದಾಗ ಕೆಳಗೆ ಅಗೆದು ಹೋಗುವುದು ಈ ಕಪ್ಪೆಯ ಹುಟ್ಟುಗುಣ, ಕೆಳಗೇ ಬೆಂಕಿಯಿದ್ದರೆ ಹೊಟ್ಟೆ ಸುಟ್ಟುಕೊಳ್ಳುತ್ತದೆ. 19ರಿಂದ 26ಕ್ಕೆ ಒಂದೇ ಸಲ ಏರಿಸದೆ ಎರಡು ದಿನದಲ್ಲಿ ಏರಿಸಿದ್ದು.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಚರ್ಮದಿಂದ ಹೀರುತ್ತದೆ. ಹಾಗಾಗಿ ಸ್ನಾನವೇ ಅದರ ಕುಡಿಯುವ ನೀರು. ಅಗಲ ಬಟ್ಟಲಲ್ಲಿ 25 ಡಿಗ್ರಿಯ ನೀರು, ಗದ್ದಕ್ಕಿಂತ ಕೆಳಗೆ, ಸುಮಾರು 2 ಸೆಂ.ಮೀ. ಆಳ, 20 ನಿಮಿಷ, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಕೊಂಬುಗಪ್ಪೆಗೆ ಈಜು ಸರಿಯಾಗಿ ಬಾರದು, ನಿಶ್ಶಕ್ತವಾದದ್ದು ಆಳದ ನೀರಿನಲ್ಲಿ ಮುಳುಗಿಯೇ ಸಾಯುತ್ತದೆ. ಪಕ್ಕದಲ್ಲಿ ಯಾರಾದರೂ ಇರಲೇಬೇಕು.

ನೀರಿನ ಬಗ್ಗೆ ಸ್ವಲ್ಪ ವಿವರ ಬೇಕು. ನಲ್ಲಿ ನೀರನ್ನು ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ನಿಜ, ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಕ್ಲೋರಮೀನ್ ಹಾಗೆ ಹೋಗುವುದಿಲ್ಲ. ಅಮೆರಿಕದ ಅನೇಕ ನಗರಗಳು ಕ್ಲೋರಮೀನನ್ನೇ ಬಳಸುತ್ತವೆ. ಅಕ್ವೇರಿಯಂಗೆ ಹಾಕುವ ಕಂಡೀಷನರ್ ಕೊಳ್ಳುವಾಗ ಕ್ಲೋರಮೀನ್ ಮತ್ತು ಅಮೋನಿಯಾ ಎರಡನ್ನೂ ಹಿಡಿಯುತ್ತದೆ ಎಂದು ಬರೆದಿರುವುದನ್ನೇ ಆರಿಸಬೇಕು. ಡಿಸ್ಟಿಲ್ಡ್ ನೀರು ಶುದ್ಧ ಎಂದು ಅದರಲ್ಲಿ ನೆನೆಸುವುದೂ ಸರಿಯಲ್ಲ. ಮೈಯ ಲವಣ ಆ ನೀರಿಗೆ ಸೋರುತ್ತದೆ. ಬರೀ ಒಣಗಿದ ಕಪ್ಪೆಗೆ ಕ್ಲೋರಿನ್ ತೆಗೆದ ನೀರು ಸಾಕು. ಬಾವು ಬಂದ ಕಪ್ಪೆಗಾದರೆ ವೈದ್ಯರ ಮಾತಿನ ಮೇಲೆ ಉಭಯಚರಗಳ ರಿಂಗರ್ಸ್ ದ್ರಾವಣ, ಅಂದರೆ ಕಪ್ಪೆಯ ಮೈಯ ಲವಣಕ್ಕೆ ಹೊಂದುವ ಉಪ್ಪುನೀರು: 1 ಲೀಟರ್ ಡಿಸ್ಟಿಲ್ಡ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು 6.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.15 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 0.15 ಗ್ರಾಂ, ಅಡುಗೆ ಸೋಡಾ 0.2 ಗ್ರಾಂ. ಇದನ್ನು ತೂಗಲು ಅಡುಗೆಮನೆ ತಕ್ಕಡಿ ಆಗದು, 0.01 ಗ್ರಾಂ ತೋರಿಸುವ ಚಿನ್ನದಂಗಡಿ ತಕ್ಕಡಿಯೇ ಬೇಕು. ಮನುಷ್ಯರ ಸಲೈನ್ ಶೇ. 0.9, ಕಪ್ಪೆಗೆ ಅದು ಹೆಚ್ಚು ಉಪ್ಪು. ಜೇನು ಬೆರೆಸಿದ ನೀರಲ್ಲಿ ಕೂರಿಸಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಅದನ್ನು ನಾವು ಮಾಡುವುದಿಲ್ಲ.

ಪೊರೆಯನ್ನು ಕೀಳಬಾರದು. ಕೆಳಗಿನ ಹೊಸ ಚರ್ಮವೂ ಕಿತ್ತು ಬರುತ್ತದೆ. ಮುಟ್ಟುವಾಗ ಪುಡಿಯಿಲ್ಲದ ನೈಟ್ರೈಲ್ ಗ್ಲೌಸ್ ಹಾಕಿ, ಅದನ್ನೂ ಅದೇ ನೀರಿನಲ್ಲಿ ತೊಳೆದು ಒದ್ದೆ ಮಾಡಿಕೊಳ್ಳಬೇಕು. ಕೈಯಲ್ಲಿನ ಸೋಪು, ಕ್ರೀಮು ಎಲ್ಲವೂ ಈ ಚರ್ಮದ ಮೂಲಕ ಒಳಗೆ ಹೋಗುತ್ತದೆ.

ಜನವರಿ, ಎರಡನೇ ವಾರ

ಸ್ನಾನಕ್ಕೆ ಮುಂಚಿನ ತೂಕ 103 ಗ್ರಾಂ, ಸ್ನಾನದ ನಂತರ 107. ಈ ಏರಿಕೆಯನ್ನು ಮಾಂಸ ಎಂದು ತಿಳಿಯಬಾರದು. ಕಪ್ಪೆ ಮೂತ್ರಕೋಶದಲ್ಲಿ ನೀರು ಶೇಖರಿಸಿಡುತ್ತದೆ, ಹೆದರಿದರೆ ಅಷ್ಟನ್ನೂ ಚೆಲ್ಲುತ್ತದೆ, ತೂಕ ಒಂದೇ ನಿಮಿಷದಲ್ಲಿ ಬದಲಾಗುತ್ತದೆ. ಹೋಲಿಸಿ ನೋಡುವ ಅಂಕಿ ಯಾವಾಗಲೂ ಬೆಳಿಗ್ಗೆ, ಸ್ನಾನಕ್ಕೆ ಮುಂಚೆ ತೂಗಿದ್ದಾಗಿರಬೇಕು.

ಪೊರೆ ತಾನಾಗಿ ಸಡಿಲವಾಗಿ ಬಾಯಿ ಕಡೆಗೆ ಜಾರಿತು. ಗುಂಡ ಅದನ್ನು ನುಂಗಿತು; ಇದು ಸಹಜ. ಅಡಿಯಲ್ಲಿ ಹಸಿರು-ಕಂದು ಬಣ್ಣ ಸ್ಪಷ್ಟವಾಗಿದೆ, ಕಣ್ಣು ಮೇಲೆ ಬಂದಿವೆ. ಸ್ನಾನದ ಬಟ್ಟಲಲ್ಲಿ ಸ್ವಲ್ಪ ಮಲ, ಅದರಲ್ಲಿ ತೆಂಗಿನ ನಾರಿನ ಎಳೆಗಳು. ಕರುಳು ಕಟ್ಟಿಲ್ಲ ಎನ್ನುವುದಕ್ಕೆ ಇದು ಒಳ್ಳೆಯ ಸೂಚನೆ. ಮಲವನ್ನು ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಆದಷ್ಟು ಬೇಗ ಲ್ಯಾಬಿಗೆ ಕಳಿಸಿದ್ದು. ಫ್ರೀಜರ್‌ನಲ್ಲಿ ಇಡಬಾರದು, ಜೀವಂತ ಪರಾವಲಂಬಿಗಳು ಆಮೇಲೆ ಕಾಣುವುದಿಲ್ಲ.

ಜನವರಿ, ಮೂರನೇ ವಾರ: ಎದ್ದಿದೆ, ಆದರೂ ತಿನ್ನುತ್ತಿಲ್ಲ

ಇಲ್ಲಿಗೆ ಬರಗಾಲದ ಕಥೆ ಮುಗಿದು ಬೇರೆ ಕಥೆ ತೆರೆಯಿತು. ಮಂದ ಬೆಳಕಿನಲ್ಲಿ ಸಿಲಿಕೋನ್ ತುದಿಯ ಚಿಮಟದಲ್ಲಿ ಎರೆಹುಳು ಹಿಡಿದಾಗ ಗುಂಡ ತಲೆ ತಿರುಗಿಸಿತು, ಹಿಂಗಾಲಿನ ಬೆರಳು ಅಲುಗಿಸಿತು, ಹಾರಿತು. ನಾಲಿಗೆ ಹುಳಕ್ಕೆ ತಾಗಿತು, ಹಿಂದಕ್ಕೆ ಹೋಯಿತು, ಹುಳ ಚಿಮಟದಲ್ಲೇ ಉಳಿಯಿತು. ಮತ್ತೆ ಹಾರಿದಾಗ ಬಾಯಿ ಹುಳದ ಮೇಲೇ ಮುಚ್ಚಿಕೊಂಡರೂ ಹುಳ ತುಟಿಯ ಅಂಚಿನಿಂದ ಜಾರಿ ಕೆಳಗೆ ಬಿತ್ತು. ಮೂರನೆಯದಕ್ಕೆ ಅದು ಮುಖ ತಿರುಗಿಸಿಕೊಂಡಿತು.

ಹಸಿವಿಲ್ಲದ ಕಪ್ಪೆ ಹಾರುವುದೇ ಇಲ್ಲ. ಇದು ಹಸಿವಿದ್ದು ಹಿಡಿಯಲಾಗದ ಕಪ್ಪೆ. ಈ ವ್ಯತ್ಯಾಸವನ್ನು ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ವೈದ್ಯರಿಗೆ ತೋರಿಸುವುದು ಬಾಯಿಮಾತಿನ ವರ್ಣನೆಗಿಂತ ಎಷ್ಟೋ ಮೇಲು. 2014ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಥಾಮಸ್ ಕ್ಲೈನ್‌ಟೈಕ್ ಮತ್ತು ಸ್ಟಾನಿಸ್ಲಾವ್ ಗೋರ್ಬ್ ಕೊಂಬುಗಪ್ಪೆಗಳ ನಾಲಿಗೆಯ ಅಂಟನ್ನು ಅಳೆದು, ಅದು ಕಪ್ಪೆಯ ಮೈತೂಕವನ್ನೂ ಮೀರಿದ ಬಲದಿಂದ ಎಳೆಯಬಲ್ಲದು ಎಂದು ತೋರಿಸಿದ್ದರು. ಅಂಥ ನಾಲಿಗೆ ಒಂದು ಎರೆಹುಳುವನ್ನು ಹಿಡಿಯಲಾಗದಿದ್ದರೆ ತೊಂದರೆ ನಾಲಿಗೆಯದೇ.

ಬಿದ್ದ ಹುಳವನ್ನು ಡಬ್ಬಿಯಲ್ಲಿ ಬಿಟ್ಟಿಲ್ಲ. ಜೀರುಂಡೆ ಬಿಟ್ಟರಂತೂ ರಾತ್ರಿ ಅವೇ ಕಪ್ಪೆಯನ್ನು ಕಚ್ಚುತ್ತವೆ.

ಜನವರಿ, ಕೊನೆಯ ವಾರ: ವೈದ್ಯರ ಬಳಿ

ಹುಡುಕಿದ ದಾರಿ: ಸರೀಸೃಪ ಮತ್ತು ಉಭಯಚರ ಪಶುವೈದ್ಯರ ಸಂಘ ಎಆರ್‌ಎವಿ ತನ್ನ ಸದಸ್ಯರ ಪಟ್ಟಿಯನ್ನು ಊರುವಾರು ಕೊಡುತ್ತದೆ. ಪಟ್ಟಿಯಲ್ಲಿದ್ದಾರೆಂದು ಸುಮ್ಮನೆ ಹೋಗಬಾರದು, ಫೋನಿನಲ್ಲಿ ಕೇಳಬೇಕು: ಕಪ್ಪೆ ನೋಡುತ್ತೀರಾ, ಹಾವು-ಆಮೆ ಮಾತ್ರವೇ? ಪರಾವಲಂಬಿಗಳಿಗಾಗಿ ಮಲವನ್ನು ನೇರ ಸ್ಮಿಯರ್ (ಗಾಜಿನ ಮೇಲೆ ಸವರಿ ನೋಡುವುದು) ಮತ್ತು ಮೊಟ್ಟೆಗಳನ್ನು ತೇಲಿಸುವ ವಿಧಾನ ಎರಡರಲ್ಲೂ ನೋಡುತ್ತೀರಾ? ಕಪ್ಪೆಗಳ ಚರ್ಮಕ್ಕೆ ತಗಲಿ ಕೊಲ್ಲಬಲ್ಲ ಕೈಟ್ರಿಡ್ ಶಿಲೀಂಧ್ರಕ್ಕೆ ಚರ್ಮದ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸುತ್ತೀರಾ? ಹತ್ತಿರ ಯಾರೂ ಇಲ್ಲದಿದ್ದರೆ ಪಶುವೈದ್ಯ ಕಾಲೇಜಿನ ಆಸ್ಪತ್ರೆ.

ಸಾಗಿಸಿದ್ದು ಒದ್ದೆ ಟವೆಲ್ ಹಾಸಿದ ಡಬ್ಬಿಯಲ್ಲಿ, ಆ ಡಬ್ಬಿ ಥರ್ಮೋಕೋಲ್ ಪೆಟ್ಟಿಗೆಯೊಳಗೆ. ಕಾರನ್ನು ಮೊದಲೇ ಬೆಚ್ಚಗೆ ಮಾಡಿಟ್ಟದ್ದು. ಜತೆಗೆ ಒಂದು ಹಾಳೆ: ತೂಕದ ಪಟ್ಟಿ, ತಾಪಮಾನ, ನೀರು, ಹಿಂದಿನ ಆಹಾರ, ಬಳಸಿದ ಪುಡಿಗಳ ಡಬ್ಬಿಗಳ ಫೋಟೊ. ಕೊನೆಗೆ ಉತ್ತರ ಸಿಕ್ಕಿದ್ದು ಆ ಫೋಟೊದಲ್ಲೇ.

ಮಲದಲ್ಲಿ ಸಿಲಿಯೇಟ್ ಎಂಬ ಕೆಲವು ಏಕಕೋಶ ಜೀವಿಗಳು. ಕಪ್ಪೆಯ ಕರುಳಿನಲ್ಲಿ ಇವು ಇದ್ದೇ ಇರುತ್ತವೆ, ಮದ್ದು ಬೇಡ ಎಂದರು. ಶ್ವಾಸಕೋಶದ ಹುಳುವಿನ ಮೊಟ್ಟೆ ಇಲ್ಲ. ಎಕ್ಸ್‌ರೇಯಲ್ಲಿ ಅಡೆತಡೆ ಇಲ್ಲ, ಮೂಳೆ ಸರಿಯಿದೆ. ಕೈಟ್ರಿಡ್ ಪಿಸಿಆರ್ ಫಲಿತಾಂಶ ಕೆಲವು ದಿನಗಳ ನಂತರ ನೆಗೆಟಿವ್ ಬಂತು. ಈ ಪರೀಕ್ಷೆಯನ್ನು ಯಾರೂ ಬಿಡಬಾರದು. 1999ರಲ್ಲಿ ಹೆಸರು ಪಡೆದ ಈ ಶಿಲೀಂಧ್ರ ವಿವರಣೆಗೆ ಸಿಕ್ಕಿದ್ದೇ ಸಾಕಿದ ಕಪ್ಪೆಯ ಚರ್ಮದಲ್ಲಿ, ಮತ್ತು ಊಟ ಬಿಡುವುದು ಅದರ ಲಕ್ಷಣಗಳಲ್ಲೊಂದು.

ಬಾಯಿಯನ್ನು ಮೃದು ಪ್ಲಾಸ್ಟಿಕ್ ಚೂರಿನಿಂದ ತೆರೆಸಿದರು. ಕೆಳದವಡೆಯ ಮುಂದೆ ಹಲ್ಲಿನಂಥ ಎರಡು ಚೂಪಾದ ಮೂಳೆ ಮೊನೆಗಳಿವೆ, ಬೆರಳು ಹಾಕಬಾರದು. ನಾಲಿಗೆ ಒಣಗಿದ್ದು, ಅಂಟು ಲೋಳೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ವಿಟಮಿನ್ ಎ ಕೊರತೆಯಲ್ಲಿ ನಾಲಿಗೆಯ ಲೋಳೆ ತಯಾರಿಸುವ ಕೋಶಗಳ ಜಾಗದಲ್ಲಿ ಚಪ್ಪಟೆಯಾದ ಒಣ ಕೋಶಗಳು ಬೆಳೆಯುತ್ತವೆ. ಉಭಯಚರ ವೈದ್ಯರು ಇದನ್ನು ಗಿಡ್ಡ ನಾಲಿಗೆ ರೋಗ ಎನ್ನುತ್ತಾರೆ. ನಾಲಿಗೆ ನಿಜವಾಗಿ ಗಿಡ್ಡವಾಗುವುದಲ್ಲ, ಅಂಟು ಹೋಗಿ ಬೇಟೆ ತಲುಪದಂತೆ ಕಾಣುವುದು. ಖಚಿತ ಮಾಡಬೇಕಾದರೆ ಯಕೃತ್ತಿನ ತುಣುಕನ್ನೇ ಪರೀಕ್ಷಿಸಬೇಕು, ಅದು ಈ ಸ್ಥಿತಿಯಲ್ಲಿ ಬೇಡ ಎಂದು ಲಕ್ಷಣ ನೋಡಿಯೇ ಚಿಕಿತ್ಸೆ.

ಹಿಂದಿನ ಮನೆಯಿಂದ ಬಂದ ವಿಟಮಿನ್ ಪುಡಿಯ ಲೇಬಲ್‌ನಲ್ಲಿ ವಿಟಮಿನ್ ಎ ಎಂದು ದೊಡ್ಡದಾಗಿ ಬರೆದು ಕೆಳಗೆ ಮೂಲ ಬೀಟಾ ಕೆರೋಟಿನ್ ಎಂದಿತ್ತು. ನಾವು ಕ್ಯಾರೆಟ್ ತಿಂದು ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತೇವೆ. ಅನೇಕ ಕಪ್ಪೆಗಳಿಗೆ ಅದು ಸರಿಯಾಗಿ ಆಗುವುದಿಲ್ಲ. ಅವಕ್ಕೆ ರೆಟಿನಾಲ್, ಅಂದರೆ ಸಿದ್ಧ ವಿಟಮಿನ್ ಎ ರೂಪದಲ್ಲೇ ಕೊಡಬೇಕು. ಲೇಬಲ್‌ನಲ್ಲಿ ರೆಟಿನೈಲ್ ಅಸಿಟೇಟ್ ಅಥವಾ ಪಾಲ್ಮಿಟೇಟ್ ಎಂದಿರಬೇಕು. ತೆರೆದ ಡಬ್ಬಿಯನ್ನು ಆರು ತಿಂಗಳಿಗೆ ಎಸೆಯುವುದು ಕ್ಷೇಮ, ಗಾಳಿ-ಬೆಳಕಿಗೆ ಈ ವಿಟಮಿನ್ ಬೇಗ ಕೆಡುತ್ತದೆ.

ಫೆಬ್ರವರಿ

ವೈದ್ಯರು ನೀರಿನಲ್ಲಿ ಕರಗುವ ವಿಟಮಿನ್ ಎ ದುರ್ಬಲಗೊಳಿಸಿ ಕೊಟ್ಟರು. ಬೆನ್ನ ಮೇಲೆ ಹನಿ ಹಾಕಿದರೆ ಚರ್ಮ ಹೀರಿಕೊಳ್ಳುತ್ತದೆ, ಬಾಯಿ ತೆರೆಸುವ ಹಿಂಸೆ ಇಲ್ಲ. ಹನಿಯ ಸಾಂದ್ರತೆ, ಅಂತರ ಇಲ್ಲಿ ಬರೆಯುತ್ತಿಲ್ಲ. ಅದನ್ನು ಕಪ್ಪೆಯ ತೂಕ ನೋಡಿ ವೈದ್ಯರೇ ಹೇಳಬೇಕು. ಹೆಚ್ಚಾದರೆ ವಿಟಮಿನ್ ಡಿ ಕೆಲಸಕ್ಕೆ ಅಡ್ಡಬಂದು ಮೂಳೆ ಕೆಡುತ್ತದೆ. ಮನುಷ್ಯರ ಕ್ಯಾಪ್ಸೂಲ್ ಚುಚ್ಚಿ ಹಾಕುವ ಪ್ರಯೋಗವಂತೂ ಬೇಡವೇ ಬೇಡ.

ನಾಲಿಗೆ ಸರಿಯಾಗುವವರೆಗೆ ಹೊಟ್ಟೆಗೇನು? ಮಾಂಸಾಹಾರಿ ಪ್ರಾಣಿಗಳಿಗೆಂದೇ ಬರುವ ಕ್ರಿಟಿಕಲ್ ಕೇರ್ ಪುಡಿಯನ್ನು ತೆಳ್ಳಗೆ ಕಲಸಿ, ಸೂಜಿಯಿಲ್ಲದ 1 ಮಿ.ಲೀ. ಸಿರಿಂಜಿನಲ್ಲಿ. ಮೊದಲ ಸಲ 0.5 ಮಿ.ಲೀ. ಮಾತ್ರ, ಮಲ ಬಂದ ಮೇಲೆ 1 ಮಿ.ಲೀ., ಮೂರು ದಿನಕ್ಕೊಮ್ಮೆ. ತಿಂಗಳುಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೇ ಹೆಚ್ಚು ಹಾಕಿದರೆ ರಕ್ತದ ರಂಜಕ, ಪೊಟ್ಯಾಸಿಯಂ ಕುಸಿದು ಪ್ರಾಣಕ್ಕೇ ಬರುತ್ತದೆ. ಸಿರಿಂಜಿನ ತುದಿ ಬಾಯಿಯ ಪಕ್ಕದಿಂದ, ನಾಲಿಗೆಯ ಹಿಂದಕ್ಕೆ. ನಾಲಿಗೆಯ ಹಿಂದೆ, ನಡುವಿನಲ್ಲೇ ಶ್ವಾಸನಾಳದ ಬಾಯಿ ಇದೆ. ಅದರ ಮೇಲೆ ಸುರಿದರೆ ಶ್ವಾಸಕೋಶಕ್ಕೆ. ಮೊದಲ ಸಲ ವೈದ್ಯರ ಎದುರಿನಲ್ಲೇ ಮಾಡಿ ಕಲಿಯಬೇಕಾದ ಕೆಲಸ ಇದು.

ತಿಂಗಳ ಆರಂಭದಲ್ಲಿ 101 ಗ್ರಾಂ, ಕೊನೆಗೆ 104. ಏರಿಕೆಗಿಂತ ಇಳಿಕೆ ನಿಂತದ್ದು ಮುಖ್ಯ.

ಮಾರ್ಚ್

ಎರಡನೇ ವಾರ ಚಿಮಟದ ಹುಳಕ್ಕೆ ಹಾರಿದಾಗ ನಾಲಿಗೆ ಅಂಟಿತು. ಹುಳ ಒಳಗೆ ಹೋಯಿತು, ಕಣ್ಣು ಗುಡ್ಡೆಗಳನ್ನು ಒಳಕ್ಕೆ ಒತ್ತಿ ನುಂಗಿತು. ತುಂಬ ಸಂತೋಷದ ದಿನ. ಅವತ್ತಿನಿಂದ ಸಿರಿಂಜ್ ನಿಲ್ಲಿಸಿದೆ.

ಈಗಿನ ಪಟ್ಟಿ: ಕೆನಡಾ ನೈಟ್‌ಕ್ರಾಲರ್ ಎರೆಹುಳುವಿನ ಅರ್ಧ, ನಾಲ್ಕು ದಿನಕ್ಕೊಮ್ಮೆ, ಮುಂದೆ ಇಡೀ ಹುಳ. ಗೊಬ್ಬರಕ್ಕೆ ಬಳಸುವ ಕೆಂಪು ಎರೆಹುಳು ಬೇಡ, ಅದು ಬಿಡುವ ಹಳದಿ ರಸದ ರುಚಿಗೆ ಕಪ್ಪೆ ಮತ್ತೆ ಊಟ ಬಿಟ್ಟೀತು. ಪ್ರತಿ ಊಟಕ್ಕೂ ಡಿ3 ಇರುವ ಕ್ಯಾಲ್ಸಿಯಂ ಪುಡಿ, ವಾರಕ್ಕೊಮ್ಮೆ ಬದಲಾಗಿ ರೆಟಿನಾಲ್ ಇರುವ ಮಲ್ಟಿವಿಟಮಿನ್. ತೂಕ ಏರಿಸಲೆಂದು ಇಲಿಮರಿ ಕೊಡುವುದಿಲ್ಲ. ಕೊಬ್ಬು ಹೆಚ್ಚಾದರೆ ಯಕೃತ್ತಿಗೂ ಕಣ್ಣಿನ ಪಾರದರ್ಶಕ ಪೊರೆಗೂ ಅಂಟಿಕೊಳ್ಳುತ್ತದೆ.

ಹಳೆಯ ತೊಟ್ಟಿಯ ನಾರನ್ನು ಚೀಲ ಕಟ್ಟಿ ಕಸಕ್ಕೆ, ಸ್ನಾನದ ನೀರನ್ನು ಟಾಯ್ಲೆಟ್ಟಿಗೆ. ಹಿತ್ತಲಿಗೆ ಚೆಲ್ಲಿದರೆ ಸಾಕಿದ ಕಪ್ಪೆಯ ರೋಗ ಊರಿನ ಕಾಡುಕಪ್ಪೆಗಳಿಗೆ. ತೊಟ್ಟಿಯನ್ನು ಬ್ಲೀಚಿನಿಂದ ತೊಳೆದು, ಬ್ಲೀಚಿನ ವಾಸನೆ ಪೂರ್ತಿ ಹೋಗುವವರೆಗೆ ನೀರು ಹಾಯಿಸಿ ಒಣಗಿಸಿ, ಹೊಸ ನಾರು 8 ಸೆಂ.ಮೀ. ಆಳ, ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವಷ್ಟು ಒದ್ದೆ. ಜಾಲರಿ ಮುಚ್ಚಳದ ಮುಕ್ಕಾಲು ಭಾಗಕ್ಕೆ ಅಕ್ರಿಲಿಕ್ ಹಾಳೆ. ಹೀಟರ್ ಉರಿಯುತ್ತಿರುವಷ್ಟು ಕಾಲ ತೇವ ಶೇ. 70ರಲ್ಲಿ ನಿಲ್ಲುತ್ತಿರುವುದು ಇದರಿಂದಲೇ.

ಮಾರ್ಚ್ ಕೊನೆಯ ತೂಕ 112 ಗ್ರಾಂ. ಏಪ್ರಿಲ್‌ನಲ್ಲಿ ಮತ್ತೊಂದು ಮಲ ಪರೀಕ್ಷೆ, ವಿಟಮಿನ್ ಹನಿ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳುವುದು ಬಾಕಿ.