ಎಣ್ಣೆ ಬಾಯ್ಲರ್ ಸರ್ವಿಸ್: ಗಾಳಿಯ ಸ್ಕ್ರೂ ಕೊನೆಗೆ

ಬಾಯ್ಲರ್ ಹೊಗೆ ಕಾರುತ್ತಿದೆ ಎಂದ ಕೂಡಲೇ ಕೈ ಹೋಗುವುದು ಬರ್ನರಿನ ಗಾಳಿ ಸ್ಕ್ರೂಗೆ. ಎರಡು ಸುತ್ತು ತೆರೆದರೆ ಹೊಗೆ ನಿಂತೂಬಿಡುತ್ತದೆ. ಆದರೆ ಎಣ್ಣೆ ಸಿಂಪಡಿಸುವ ನಾಜಲ್ ಸವೆದದ್ದೋ ಪಂಪಿನ ಒತ್ತಡ ತಪ್ಪಿದ್ದೋ ಹಾಗೇ ಉಳಿದು, ಹೆಚ್ಚುವರಿ ಗಾಳಿಯ ಜೊತೆ ಬಿಸಿಯೆಲ್ಲ ಚಿಮಣಿಯ ಪಾಲಾಗುತ್ತದೆ.

ಮೊದಲು ಕರೆಂಟು, ಎಣ್ಣೆ ವಾಲ್ವ್ ಎರಡನ್ನೂ ಬಂದ್ ಮಾಡಿ, ಬಾಯ್ಲರ್ ಆರಿದ ಮೇಲೆ ಒಳಗಿನ ಮಸಿ ತೆಗೆಯಿರಿ. ಮಸಿ ತುಂಬಿದ ಬಾಯ್ಲರಿನ ಅಳತೆ ಯಾವ ಕೆಲಸಕ್ಕೂ ಬಾರದು. ಬಾಗಿಲಿನ ಹಗ್ಗದ ಸೀಲನ್ನೂ ನೋಡಿ. ಅಲ್ಲಿಂದ ನುಸುಳುವ ಗಾಳಿ ಮುಂದೆ ಹೊಗೆಯ ಅನಿಲ ಅಳೆಯುವ ಮೀಟರನ್ನೇ ದಾರಿ ತಪ್ಪಿಸುತ್ತದೆ.

ನಾಜಲನ್ನು ತೊಳೆಯಬೇಡಿ, ಬದಲಿಸಿ. ಅದರ ರಂಧ್ರಕ್ಕೆ ಸೂಜಿ ತೂರಿಸಿದರೆ ಸಿಂಪಡಣೆ ಕೆಟ್ಟಿತೆಂದೇ ಲೆಕ್ಕ. ಹೊಸದರ ತುದಿಯನ್ನು ಬೆರಳಲ್ಲೂ ಮುಟ್ಟಬಾರದು. ಅದರ ಮೇಲಿನ ಹರಿವು, ಕೋನ, ಸಿಂಪಡಣೆಯ ಬಗೆ ಮೂರೂ ಬಾಯ್ಲರಿನ ಕೈಪಿಡಿಗೆ ಹೊಂದಬೇಕು. 80 ಡಿಗ್ರಿ ಬೇಕಾದಲ್ಲಿ 60 ಹಾಕಿದರೆ ಉರಿ ಉದ್ದವಾಗಿ ಹಿಂದಿನ ಗೋಡೆಗೆ ಬಡಿದು ಮಸಿ ಕಟ್ಟುತ್ತದೆ. ಕಿಡಿ ಹಾರಿಸುವ ಎಲೆಕ್ಟ್ರೋಡಿನ ಅಂತರಗಳನ್ನು ಅಂದಾಜಿಗೆ ಬಿಡದೆ ಕೈಪಿಡಿಯ ಮಿಲಿಮೀಟರಿನಂತೆಯೇ ಇಡಿ: ತುದಿ ಸಿಂಪಡಣೆಯೊಳಗೆ ಚಾಚಿದರೆ ಕರಿಕಟ್ಟುತ್ತದೆ, ತೀರಾ ದೂರವಿದ್ದರೆ ತಡವಾಗಿ, ದಢ್ ಎಂದು ಹೊತ್ತಿಕೊಳ್ಳುತ್ತದೆ.

ಇನ್ನು ಒತ್ತಡ. ಪಂಪಿಗೆ ಗೇಜ್ ಹಾಕಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಟ್ಟು ನೋಡಿ. ನಾಜಲಿನ ಮೇಲಿನ 0.50 ಎಂಬ ಅಂಕಿ 7 ಬಾರ್ ಒತ್ತಡದಲ್ಲಿ ಗಂಟೆಗೆ ಹರಿಯುವ ಅಮೆರಿಕನ್ ಗ್ಯಾಲನ್. ಹರಿವು ಏರುವುದು ಒತ್ತಡದ ವರ್ಗಮೂಲದಂತೆ. ಅದೇ ನಾಜಲ್ 10 ಬಾರ್‌ನಲ್ಲಿ ಸುಮಾರು 0.60 ಕೊಡುತ್ತದೆ. ಗೇಜ್ ಇಲ್ಲದೆ ಪಂಪಿನ ಸ್ಕ್ರೂ ತಿರುಗಿಸುವವರು ಬಾಯ್ಲರಿನ ಸಾಮರ್ಥ್ಯವನ್ನೇ ಬದಲಿಸುತ್ತಿದ್ದಾರೆ, ಗೊತ್ತಿಲ್ಲದೆ.

ಈಗ ಗಾಳಿ. ಹತ್ತು–ಹದಿನೈದು ನಿಮಿಷ ಉರಿಸಿ, ಬಾಯ್ಲರ್ ಚೆನ್ನಾಗಿ ಕಾದ ಮೇಲೆಯೇ ಅಳೆಯಿರಿ. ಚಿಮಣಿಯ ಸೆಳೆತವನ್ನು ಮೊದಲು ಸರಿಪಡಿಸಿಕೊಳ್ಳಿ. ಅದು ಬದಲಾದರೆ ಉಳಿದದ್ದೆಲ್ಲ ಬದಲಾಗುತ್ತದೆ. ಮುಂದಿನದು ಹೊಗೆಯನ್ನು ಕಾಗದದ ಮೂಲಕ ಎಳೆಯುವ ಹೊಗೆ ಪಂಪು, ಅನಿಲಗಳನ್ನು ಅಳೆಯುವ ಮೀಟರ್ ಅಂದರೆ ಅನಲೈಜರ್ ಆಮೇಲೆ. ಇಲ್ಲವಾದರೆ ಅದರ ಫಿಲ್ಟರಿಗೇ ಮಸಿ ತಿನ್ನಿಸಿದಂತೆ. ಹತ್ತು ಸಲ ಎಳೆದು, ಕಾಗದದ ಕಲೆಯನ್ನು 0ರಿಂದ 9ರ ಪಟ್ಟಿಯೊಂದಿಗೆ ಹೋಲಿಸಿ. 0 ಬೇಕು, 1 ದಾಟಬಾರದು. ಕಲೆ ಹಳದಿಯಾಗಿದ್ದರೆ ಉರಿಯದ ಎಣ್ಣೆ ಹೊರಬರುತ್ತಿದೆ, ಅಲ್ಲೇ ನಿಲ್ಲಿಸಿ.

ಕೈಪಿಡಿಯ ಅಂಕಿಯೇ ಅಂತಿಮ. ಸಾಮಾನ್ಯವಾಗಿ ಅದು ಕಾರ್ಬನ್ ಡೈಆಕ್ಸೈಡ್ 11ರಿಂದ 12 ಶೇಕಡಾ, ಆಮ್ಲಜನಕ 5ರ ಆಸುಪಾಸು. ಹೊಗೆ ಸಣ್ಣಗೆ ಕಾಣಿಸುವ ತನಕ ಗಾಳಿ ಮುಚ್ಚುತ್ತ ಬನ್ನಿ. ಆಗ ಕಾರ್ಬನ್ ಡೈಆಕ್ಸೈಡ್ 13 ಬಂತು ಅನ್ನಿ, 11.5–12ಕ್ಕೆ ಇಳಿಯುವಷ್ಟು ಮತ್ತೆ ತೆರೆಯಿರಿ, ಹೊಗೆ 0 ಆಗಲಿ. ಆ ಒಂದು–ಒಂದೂವರೆ ಅಂಶ ಉಳಿಕೆಯ ಬಾಬ್ತು: ಫ್ಯಾನಿಗೆ ಧೂಳು ಕೂತಾಗ, ಎಣ್ಣೆ ತಣ್ಣಗಾಗಿ ಗಟ್ಟಿಯಾದಾಗ ಅದೇ ಕಾಪಾಡುವುದು. ಪರದೆಯ ಮೇಲೆ ದಕ್ಷತೆ ಇನ್ನೊಂದು ಅಂಕ ಏರಲಿ ಎಂಬ ಆಸೆಗೆ ಅದನ್ನು ಕರಗಿಸಬೇಡಿ.

ಕಾರ್ಬನ್ ಡೈಆಕ್ಸೈಡ್ ಬರೀ 8, ಹೊಗೆ ಮಾತ್ರ 3 ಬಂದರೆ? ಗಾಳಿ ಕಡಿಮೆಯಾಗಿದೆ ಅಂದುಕೊಳ್ಳಬೇಡಿ. 8 ಎಂದರೆ ಬೇಕಾದ್ದರ ಹತ್ತಿರ ಹತ್ತಿರ ಎರಡರಷ್ಟು ಗಾಳಿ ಹೋಗುತ್ತಿದೆ. ಎಣ್ಣೆಯ ಜೊತೆ ಬೆರೆಯುತ್ತಿಲ್ಲ, ಅಥವಾ ಉರಿಯನ್ನು ದಾಟಿ ಬಾಗಿಲ ಸಂದಿನಿಂದ ಬರುತ್ತಿದೆ. ನಾಜಲ್, ಬರ್ನರ್ ತಲೆಯ ತಟ್ಟೆಗೆ ಹಿಡಿದ ಇಂಗಾಲ, ಹಗ್ಗದ ಸೀಲ್ ಇವನ್ನು ಮತ್ತೆ ನೋಡಿ. ಕಾರ್ಬನ್ ಮಾನಾಕ್ಸೈಡ್ 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಪಾಲು) ದಾಟಿ ಏರುತ್ತಿದ್ದರಂತೂ ಕಾರಣ ಸಿಗುವ ತನಕ ಬಾಯ್ಲರ್ ಉರಿಸಲೇಬೇಡಿ.

ಕೊನೆಯ ಅಳತೆ ಬರ್ನರಿನ ಕವಚ ಹಾಕಿದ ಮೇಲೆ. ತೆರೆದಿಟ್ಟು ಹೊಂದಿಸಿದ್ದು ಮುಚ್ಚಿದಾಗ ಗಾಳಿ ಕಡಿಮೆಯಾಗಿ ಬೇರೆಯೇ ಅಂಕಿ ತೋರಿಸಬಹುದು. ಹಾಗಾದರೆ ಇನ್ನೊಮ್ಮೆ ತಿರುಗಿಸಿ, ಸ್ಕ್ರೂ ಬಿಗಿಮಾಡಿ, ಅಳತೆಯ ತೂತು ಮುಚ್ಚಿ, ಅಂಕಿಗಳನ್ನು ಬಾಯ್ಲರಿನ ಚೀಟಿಯಲ್ಲಿ ಬರೆದಿಡಿ.