ವ್ಯಾಲ್ಯೂ ಒಂದೇ ಆದರೆ ಅದನ್ನೇ ಬರೆದುಬಿಡಿ

ಒಂದು ಎಪಿಐ ಯಾವ ಡೇಟಾ ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ ಅಂತ ವಿವರಿಸುವ ಓಪನ್‌ಎಪಿಐ ಫೈಲ್‌ಗಳಲ್ಲಿ ನನಗೆ ಸಿಟ್ಟು ಬರಿಸುವ ಒಂದು ಅಭ್ಯಾಸ ಇದೆ. ಫೀಲ್ಡ್ ಹೆಸರು ಮೆಥಡ್, ಟೈಪ್ ಸ್ಟ್ರಿಂಗ್ (ಅಂದರೆ ಯಾವ ಪಠ್ಯವಾದರೂ ಸರಿ), ಕೆಳಗೆ ಡಿಸ್ಕ್ರಿಪ್ಶನ್‌ನಲ್ಲಿ ‘ಇದು ಯಾವಾಗಲೂ ಯುಪಿಐ ಆಗಿರಬೇಕು’ ಅಂತ ಒಂದು ಸಾಲು. ಯಾವಾಗಲೂ ಅದೇ ಅಂದಮೇಲೆ ಬರೀ ಸ್ಟ್ರಿಂಗ್ ಅಂತ ಯಾಕೆ ಬಿಟ್ಟಿರಿ ಮಾರಾಯ್ರೆ? ಡಿಸ್ಕ್ರಿಪ್ಶನ್ ಓದುವುದು ಮನುಷ್ಯರು, ಅದೂ ಪುರುಸೊತ್ತಿದ್ದರೆ. ಬಂದ ಡೇಟಾ ಸರಿಯಿದೆಯಾ ಅಂತ ಪರೀಕ್ಷಿಸುವ ವ್ಯಾಲಿಡೇಟರ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ, ‘ಕ್ಯಾಶ್’ ಅಂತ ಕಳಿಸಿದರೂ ಪಾಸ್ ಮಾಡುತ್ತದೆ.

ಇನ್ನು ಕೆಲವರು ಡಿಫಾಲ್ಟ್ ಹಾಕಿ ಮುಗಿಯಿತು ಅಂದುಕೊಳ್ಳುತ್ತಾರೆ. ಕ್ಲೈಂಟ್ ಆ ಫೀಲ್ಡ್ ಕಳಿಸದಿದ್ದರೆ ಸರ್ವರ್ ಏನು ಅಂತ ತಿಳಿದುಕೊಳ್ಳುತ್ತದೆ ಎಂದು ಹೇಳುವುದಷ್ಟೇ ಡಿಫಾಲ್ಟ್‌ನ ಕೆಲಸ. ಎಕ್ಸಾಂಪಲ್ ಅಂತೂ ಸುಮ್ನೆ ತೋರಿಸುವುದಕ್ಕೆ.

ಬೇಕಾಗಿರುವುದು ಕಾನ್ಸ್ಟ್, ಅಂದರೆ ಇದೊಂದೇ ವ್ಯಾಲ್ಯೂ ಅಂತ ಕಟ್ಟಿಹಾಕುವ ಕೀವರ್ಡ್. ಡೇಟಾದ ಆಕಾರ ವಿವರಿಸುವ ಜೇಸನ್ ಸ್ಕೀಮಾಗೆ ಇದು 2017ರ ಡ್ರಾಫ್ಟ್ 6ರಲ್ಲೇ ಬಂತು, ಆದರೆ ಅದೇ ವರ್ಷದ ಓಪನ್‌ಎಪಿಐ 3.0 ಅದನ್ನು ಸೇರಿಸಿಕೊಳ್ಳಲಿಲ್ಲ, 2021ರ 3.1 ಬರುವವರೆಗೆ ಕಾಯಬೇಕಾಯಿತು. ಇನ್ನೂ 3.0ದಲ್ಲೇ ಇರುವವರು ಒಂದೇ ವ್ಯಾಲ್ಯೂ ಇರುವ ಎನಮ್ (ಒಪ್ಪುವ ವ್ಯಾಲ್ಯೂಗಳ ಪಟ್ಟಿ) ಬರೆಯಬಹುದು, ನೋಡಲು ಚೆನ್ನಾಗಿಲ್ಲ, ಕೆಲಸ ಆಗುತ್ತದೆ. ಎಪಿಐ ವಿವರಿಸುವುದಕ್ಕೇ ಇರುವ ಭಾಷೆ ಟೈಪ್‌ಸ್ಪೆಕ್‌ನಲ್ಲಿ ಈ ಗೋಜೇ ಇಲ್ಲ. ಟೈಪ್ ಇರಬೇಕಾದ ಜಾಗದಲ್ಲಿ ಕೋಟ್ ಹಾಕಿ ಯುಪಿಐ ಅಂತ ಬರೆದರೆ ಆ ವ್ಯಾಲ್ಯೂನೇ ಟೈಪ್. ಸ್ಟೇಟಸ್ ಕೋಡ್ 200 ಅಂತ ಬರೆಯುವುದೂ ಹೀಗೆಯೇ.

ಓಪನ್‌ಎಪಿಐ ಫೈಲನ್ನು ಯಾಮಲ್ ಫಾರ್ಮ್ಯಾಟ್‌ನಲ್ಲಿ ಬರೆಯುವವರಿಗೆ ಮಾತ್ರ ಒಂದು ಎಚ್ಚರಿಕೆ: ಸ್ಟ್ರಿಂಗ್ ಆದರೆ ಕೋಟ್ ಹಾಕಿ, ಯೋಚನೆಯೇ ಮಾಡಬೇಡಿ. ನಾರ್ವೆಯ ಕಂಟ್ರಿ ಕೋಡ್ ಎನ್ಓ. ಕೋಟ್ ಇಲ್ಲದಿದ್ದರೆ ಯಾಮಲ್ 1.1ರ ನಿಯಮದಲ್ಲಿ ಅದು ‘ನೋ’, ಅಂದರೆ ಫಾಲ್ಸ್. 2009ರ ಯಾಮಲ್ 1.2ರಲ್ಲಿ ಇದು ಸರಿಹೋಯಿತು, ಆದರೆ ಪೈಥಾನ್‌ನವರು ಯಾಮಲ್ ಓದಲು ಬಳಸುವ ಪೈಯಾಮಲ್ ಲೈಬ್ರರಿ ಇನ್ನೂ 1.1ರ ದಾರಿಯಲ್ಲೇ ಇದೆ. ನಿಮ್ಮ ಎಪಿಐನ ವರ್ಷನ್ ನಂಬರ್ 1.10 ಅಂತ ಕೋಟ್ ಇಲ್ಲದೆ ಬರೆದರೆ ಅದು ದಶಮಾಂಶ ಸಂಖ್ಯೆಯಾಗಿ 1.1 ಆಗುತ್ತದೆ. ಎಸ್‌ಟಿಡಿ ಕೋಡ್‌ಗಳದ್ದು ಇನ್ನೂ ಮಜಾ. ಮುಂಬೈನ 022 ಪೈಯಾಮಲ್‌ಗೆ ಆಕ್ಟಲ್ (0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಎಣಿಕೆ) ಆಗಿ ಕಾಣಿಸುತ್ತದೆ, ಹಾಗಾಗಿ 18. ಬೆಂಗಳೂರಿನ 080ರಲ್ಲಿ 8 ಇದೆ, ಆಕ್ಟಲ್‌ನಲ್ಲಿ 8 ಇಲ್ಲವಲ್ಲ, ಹಾಗಾಗಿ ಅದು ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ! ಅದೇ ಯಾಮಲ್ 1.2ರ ಕೋರ್ ಸ್ಕೀಮಾ ಅನ್ನುವ ನಿಯಮಗಳ ಪ್ರಕಾರ ಓದಿಸಿದರೆ ಅವೇ ಎರಡು ಕೋಡ್ 22 ಮತ್ತು 80. ಫೈಲ್ ಒಂದೇ, ಅರ್ಥ ಎರಡು, ಇದನ್ನು ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಲಾಭ ಜಾಸ್ತಿ ಇದೆ. ಯುಪಿಐ, ಕಾರ್ಡ್ ಎರಡಕ್ಕೂ ಬೇರೆ ಬೇರೆ ಸ್ಕೀಮಾ ಇದ್ದು ಪ್ರತಿಯೊಂದರ ಮೆಥಡ್‌ಗೂ ತನ್ನದೇ ಲಿಟರಲ್ (ಹಾಗೇ ಬರೆದಿಟ್ಟ ವ್ಯಾಲ್ಯೂ) ಇದ್ದರೆ, ಸ್ಪೆಕ್‌ನಿಂದ ಕೋಡ್ ಬರೆದುಕೊಡುವ ಒಳ್ಳೆಯ ಜನರೇಟರ್ ಅದನ್ನು ಹಾಗೆಯೇ ಟೈಪ್‌ಸ್ಕ್ರಿಪ್ಟ್‌ಗೆ ತರುತ್ತದೆ. ಆಮೇಲೆ ಒಂದು ಇಫ್ ಹಾಕಿದರೆ ಸಾಕು, ಇದು ಕಾರ್ಡ್, ಇದಕ್ಕೆ ಎಕ್ಸ್‌ಪೈರಿ ಇರುತ್ತದೆ ಅಂತ ಕಂಪೈಲರ್‌ಗೇ ಗೊತ್ತಾಗುತ್ತದೆ.

ಆದರೆ ರೆಸ್ಪಾನ್ಸ್‌ನಲ್ಲಿ ಬರುವ ಸ್ಟೇಟಸ್ ಥರದ ಫೀಲ್ಡ್‌ಗೆ ಇಷ್ಟು ಬಿಗಿ ಬೇಡ. ನಾಳೆ ಹೊಸ ಸ್ಟೇಟಸ್ ಒಂದು ಸೇರಿಸಿದರೆ ಹಳೆಯ ಆ್ಯಪ್ ಎಷ್ಟೋ ಸಲ ಅಲ್ಲೇ ಬಿದ್ದುಹೋಗುತ್ತದೆ, ಅದನ್ನು ಅಪ್‌ಡೇಟ್ ಮಾಡಿ ಅಂತ ಗ್ರಾಹಕರ ಬೆನ್ನು ಹತ್ತುವುದಕ್ಕಾಗುತ್ತದಾ? ಅಂಥ ಕಡೆ ನಾನು ಟೈಪ್‌ಸ್ಪೆಕ್‌ನ ಯೂನಿಯನ್‌ನಲ್ಲಿ (ಇದು ಅಥವಾ ಅದು ಅನ್ನುವ ಟೈಪ್) ಗೊತ್ತಿರುವ ಲಿಟರಲ್‌ಗಳ ಜೊತೆ ಸ್ಟ್ರಿಂಗ್ ಅನ್ನೂ ಸೇರಿಸುತ್ತೇನೆ. ಸದ್ಯಕ್ಕೆ ಇವು, ಮುಂದೆ ಬೇರೆಯೂ ಬರಬಹುದು ಅಂತ ಸ್ಪೆಕ್‌ನಲ್ಲೇ ಹೇಳಿದ ಹಾಗಾಯಿತು.