ರೆಸಾರ್ಟಿಗೆ, ತೋಟಕ್ಕೆ ಎಐ ತರುವುದಾದರೆ ಮೊದಲು ಯಾವ ಕೆಲಸಕ್ಕೆ?

"ಎಚ್‌ಆರ್ ಕೆಲಸಕ್ಕೆ ಎಐ ಹಾಕಿಸಬೇಕು ಅಂತಿದ್ದೇವೆ. ಅರ್ಜಿ ಸೋಸೋದಕ್ಕೆ ಒಳ್ಳೇ ಸಾಫ್ಟ್‌ವೇರ್ ಯಾವುದು?" ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಸುತ್ತಿನ ರೆಸಾರ್ಟ್ ಮ್ಯಾನೇಜರುಗಳೂ ದೊಡ್ಡ ಕಾಫಿ ತೋಟಗಳ ಕಚೇರಿಯವರೂ ನಮ್ಮನ್ನು ಕೇಳುವುದು ಇದನ್ನೇ. ಅರ್ಜಿ ಸೋಸುವುದನ್ನು ಕೊನೆಗಿಡಿ, ಮೊದಲು ತರಬೇತಿಗೆ ಬಳಸಿ ಎಂಬುದು ನಮ್ಮ ಉತ್ತರ. ತರಬೇತಿಯಲ್ಲಿ ಯಂತ್ರ ತಪ್ಪಿದರೆ ಮೇಸ್ತ್ರಿಯ ಕಣ್ಣಿಗೆ ಬೀಳುತ್ತದೆ, ಅಂದೇ ತಿದ್ದಬಹುದು. ಅರ್ಜಿ ಸೋಸುವಲ್ಲಿ ತಪ್ಪಿದರೆ ಆ ಮನುಷ್ಯ ನಿಮ್ಮ ಗೇಟಿನೊಳಗೆ ಬರುವುದೇ ಇಲ್ಲ. ತಪ್ಪಾಗಿದೆ ಎಂದು ಹೇಳುವವರೇ ಇರುವುದಿಲ್ಲ.

ತರಬೇತಿಯ ಎಐ ಎಂದರೆ ಇಲ್ಲಿ ನಿಮ್ಮದೇ ಕಾಗದಪತ್ರ ಓದಿ ಉತ್ತರಿಸುವ ಸಹಾಯಕ. ರಜೆಯ ನಿಯಮ, ರೂಮು ಸಿದ್ಧಪಡಿಸುವ ಕ್ರಮ, ಔಷಧಿ ಹೊಡೆಯುವಾಗಿನ ಎಚ್ಚರಿಕೆ, ಏಣಿ ಕಟ್ಟುವ ರೀತಿ ಇವೆಲ್ಲ ಅದರ ಆಹಾರ. ಕಾಗದಗಳನ್ನು ತುಂಡು ಮಾಡಿಟ್ಟುಕೊಂಡು, ಪ್ರಶ್ನೆಗೆ ಹೊಂದುವ ತುಂಡುಗಳನ್ನು ಹುಡುಕಿ, ಅವನ್ನಷ್ಟೇ ಮುಂದಿಟ್ಟುಕೊಂಡು ಅದು ಉತ್ತರ ಬರೆಯುತ್ತದೆ. ಸಾಫ್ಟ್‌ವೇರ್ ಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಕಾಗದ ಸರಿಮಾಡುವುದಕ್ಕೆ ವಾರಗಳು ಹಿಡಿಯುತ್ತವೆ, ಅದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ.

ಮೊದಲ ತೊಡಕು ಫಾಂಟು. ಹಳೆಯ ಸುತ್ತೋಲೆಗಳು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿರುತ್ತವೆ. ತೆರೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಂತ್ರ ಓದುವುದು ಎರಡನೆಯದನ್ನು. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ ನೋಡಿ. ಅರ್ಥವಾಗದ ಗೀಚು ಬಂದರೆ ಯಂತ್ರಗಳೆಲ್ಲ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸಲೇಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ಓದಬೇಕು, ಹೆಚ್ಚು ಕೆಡುವುದು ಅವೇ. ಸ್ಕ್ಯಾನ್ ಮಾಡಿದ ಕೋಷ್ಟಕಗಳಲ್ಲಿ ಒಂದು ಸಾಲಿನ ಅಂಕಿ ಇನ್ನೊಂದಕ್ಕೆ ಜಾರುವುದುಂಟು. ಅಂಥವನ್ನು ವಾಕ್ಯವಾಗಿ ಮತ್ತೆ ಟೈಪ್ ಮಾಡಿಸುವುದೇ ಲೇಸು.

ಒಂದು ತುಂಡಿನಲ್ಲಿ ಒಂದೇ ವಿಷಯ, ಮುನ್ನೂರು ನಾನೂರು ಪದ, ಮೇಲೊಂದು ತಲೆಬರಹ, ಜಾರಿಗೆ ಬಂದ ತಾರೀಕು. ಹಳೆಯ ರಜೆ ನಿಯಮವೂ ಹೊಸದೂ ಒಂದೇ ಫೋಲ್ಡರಿನಲ್ಲಿದ್ದರೆ ಸಹಾಯಕ ಎರಡನ್ನೂ ಬೆರೆಸಿ, ಎಲ್ಲೂ ಇಲ್ಲದ ಮೂರನೆಯ ನಿಯಮವೊಂದನ್ನು ಹೇಳುತ್ತದೆ. ಹಳೆಯದನ್ನು ತೆಗೆದುಬಿಡಿ.

ಅಳತೆ ಇರುವ ಕೆಲಸಗಳಲ್ಲಿ ಇನ್ನೂ ಬಿಗಿ ಬೇಕು. ಶಿಲೀಂಧ್ರ ರೋಗಗಳಿಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ಕರಿಮೆಣಸಿನ ಬಳ್ಳಿಗೆ ಶೇ. 1ರದ್ದು: 100 ಲೀಟರ್ ನೀರಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ. ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇ. 0.5ರದ್ದು: ಅದೇ ನೀರಿಗೆ ಎರಡೂ ಅರ್ಧರ್ಧ ಕಿಲೋ. ಹೊರಗಿನ ಚಾಟ್‌ಬಾಟನ್ನು ಸುಮ್ಮನೆ "ಬೋರ್ಡೋ ಹೇಗೆ ಮಾಡೋದು" ಎಂದು ಕೇಳಿದರೆ ಎಲ್ಲೆಡೆ ಬರೆದಿರುವ ಶೇ. 1ನ್ನೇ ಎರಡಕ್ಕೂ ಹೇಳಿಬಿಡಬಹುದು. ಮಾಡುವ ಕ್ರಮವೂ ಮುಖ್ಯ. ಮೈಲುತುತ್ತವನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಇನ್ನರ್ಧದಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲೇ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು. "ಸಂಕ್ಷಿಪ್ತವಾಗಿ ಹೇಳು" ಎಂದಾಗ ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬುದೇ ತಿರುಗುಮುರುಗಾಗಬಹುದು. ಆದ್ದರಿಂದ ಅಳತೆ, ಕ್ರಮಗಳಿರುವ ತುಂಡನ್ನು ಸಂಕ್ಷೇಪಿಸದೆ ಮೂಲದಲ್ಲಿರುವಂತೆಯೇ ತೋರಿಸಬೇಕೆಂದು ಸಹಾಯಕಕ್ಕೆ ಸೂಚನೆ ಬರೆಯಿರಿ. ಜೊತೆಗೆ ಇನ್ನೆರಡು: ಕೊಟ್ಟ ಕಾಗದದಲ್ಲಿ ಇದ್ದರಷ್ಟೇ ಉತ್ತರಿಸು, ಇಲ್ಲದಿದ್ದರೆ "ರೈಟರನ್ನು ಕೇಳಿ" (ತೋಟದ ಲೆಕ್ಕಪತ್ರ ನೋಡುವ ಗುಮಾಸ್ತರೇ ರೈಟರು) ಎನ್ನು, ಪ್ರತಿ ಉತ್ತರದ ಕೆಳಗೆ ಕಾಗದದ ಹೆಸರು, ತಾರೀಕು ಹಾಕು.

ಸೂಚನೆ ಬರೆದ ಮಾತ್ರಕ್ಕೆ ಅದು ಪಾಲಿಸುತ್ತದೆಂದಲ್ಲ. ಮೂವತ್ತು ಪ್ರಶ್ನೆ ಸಿದ್ಧಮಾಡಿ, ಅದರಲ್ಲಿ ಹತ್ತಕ್ಕೆ ಕಾಗದದಲ್ಲಿ ಉತ್ತರವೇ ಇರಬಾರದು. ಆ ಹತ್ತರಲ್ಲಿ ಒಂದಕ್ಕಾದರೂ ಕಟ್ಟಿ ಹೇಳಿತೋ, ಇನ್ನೂ ಜನರ ಕೈಗೆ ಕೊಡಬೇಡಿ. ಪ್ರಶ್ನೆಗಳನ್ನು ಪುಸ್ತಕದ ಕನ್ನಡದಲ್ಲಿ ಅಲ್ಲ, ಜನ ಟೈಪಿಸುವ ರೀತಿಯಲ್ಲಿ ಬರೆಯಿರಿ: ಅರ್ಧ ಕಂಗ್ಲಿಷು, ಕಾಗುಣಿತ ತಪ್ಪು ಎಲ್ಲ ಇರಲಿ.

ಭಾಷೆಯ ಬಗ್ಗೆ ಸುಳ್ಳು ಭರವಸೆ ಬೇಡ. ಕನ್ನಡ, ಮಲಯಾಳಂ, ಹಿಂದಿ, ಬಂಗಾಳಿ, ಅಸ್ಸಾಮಿಗಳಿಗೆ ಈಗ ಬಳಸಬಹುದಾದ ಅನುವಾದ ಮತ್ತು ಧ್ವನಿ ಸಾಧನಗಳಿವೆ. ಕೇಂದ್ರ ಸರ್ಕಾರದ ಭಾಷಿಣಿ ಎಂಬ ಅನುವಾದ ಯೋಜನೆಯೂ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳನ್ನು ಹಿಡಿದು ನಡೆದಿದೆ. ಕೊಡವ ತಕ್ಕ್, ಅರೆಭಾಷೆ, ತುಳು, ಎರವ ಭಾಷೆಗಳು ಆ ಪಟ್ಟಿಯಲ್ಲಿಲ್ಲ. ಈ ಭಾಷೆಗಳಲ್ಲಿ ಹೇಳಬೇಕಾದ್ದನ್ನು ಬಲ್ಲ ಮೇಸ್ತ್ರಿಯೊಬ್ಬರಿಂದ ಎರಡು ನಿಮಿಷದ ಆಡಿಯೋ ಮಾಡಿಸಿ ಕಳಿಸುವುದು ಯಾವ ಎಐಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತನ್ನು ಬರಹಕ್ಕಿಳಿಸುವ ಸಾಧನಗಳಿಗೆ ಇನ್ನೊಂದು ಚಾಳಿಯಿದೆ: ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುವ ಸದ್ದಿನಲ್ಲೋ ಬರೀ ಮೌನದಲ್ಲೋ ಯಾರೂ ಆಡದ ವಾಕ್ಯ ಬರೆದುಬಿಡುತ್ತವೆ. ರೆಕಾರ್ಡಿಂಗನ್ನು ಕೋಣೆಯೊಳಗೆ ಮಾಡಿ.

ಕಲಿತದ್ದು ಉಳಿಯಬೇಕಾದರೆ ಅಂತರ ಬಿಟ್ಟು ಕೇಳಬೇಕು. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಮರೆವಿನ ವೇಗವನ್ನು ಅಳೆದು ತೋರಿಸಿದ್ದ. ಮಳೆಗೆ ಮುಂಚಿನ ಸ್ಪ್ರೇ ತರಬೇತಿಯನ್ನು ಒಂದೇ ದಿನ ಮೂರು ಗಂಟೆ ಕೂರಿಸಿ ಮುಗಿಸುವ ಬದಲು ಇಪ್ಪತ್ತು ನಿಮಿಷ ಹೇಳಿ, ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಎರಡೆರಡು ಪ್ರಶ್ನೆ ಫೋನಿಗೆ ಕಳಿಸಿ. ಪ್ರಶ್ನೆ ಬರೆಯುವುದು ಎಐಗೆ ಒಗ್ಗುವ ಕೆಲಸ, ಆದರೆ ಅದು ಬರೆದ ನಾಲ್ಕು ಆಯ್ಕೆಗಳಲ್ಲಿ ಸರಿಯುತ್ತರವೇ ಎಲ್ಲಕ್ಕಿಂತ ಉದ್ದವಾಗಿರುವುದು ಸಾಮಾನ್ಯ. ಓದದೆಯೂ ಉದ್ದದ್ದನ್ನು ಒತ್ತಿ ಪಾಸಾಗಬಹುದು! ತಪ್ಪು ಆಯ್ಕೆಗಳನ್ನು ತೋಟದಲ್ಲಿ ನಿಜವಾಗಿ ನಡೆಯುವ ತಪ್ಪುಗಳಿಂದಲೇ ಆರಿಸಿ. ಇನ್ನು ಶೇಕಡಾ ಎಷ್ಟು ಮಂದಿ ಕೋರ್ಸು ಮುಗಿಸಿದರು ಎಂಬ ಡ್ಯಾಶ್‌ಬೋರ್ಡ್ ಮಾಲೀಕರಿಗೆ ತೋರಿಸಲಷ್ಟೇ ಚಂದ. ಕತ್ತಿ ಅದ್ದಿ ನೋಡಿ ಸ್ಪ್ರೇ ಶುರುಮಾಡಿದವರೆಷ್ಟು ಎಂದು ಡ್ರಮ್ಮಿನ ಹತ್ತಿರ ನಿಂತು ಎಣಿಸುವುದೇ ಅಳತೆ.

ರೆಸಾರ್ಟುಗಳಲ್ಲಿ ಹೊಸಬರಿಗೆ ಅತಿಥಿಯೊಡನೆ ಮಾತಾಡುವ ಅಭ್ಯಾಸಕ್ಕೂ ಇದನ್ನು ಬಳಸಬಹುದು. ಮಳೆಗಾಲ, ಕರೆಂಟಿಲ್ಲ, ಬಿಸಿನೀರಿಲ್ಲ, ಮಗುವಿಗೆ ಸ್ನಾನ ಮಾಡಿಸಬೇಕಿರುವ ಅತಿಥಿಯ ಪಾತ್ರ ಅದಕ್ಕೆ ಕೊಡಿ. ಅದರ ಪಾಡಿಗೆ ಬಿಟ್ಟರೆ "ಸಾರಿ ಸರ್" ಎಂದೊಡನೆ ಶಾಂತವಾಗುತ್ತದೆ, ಅಂಥ ಅತಿಥಿ ಲೋಕದಲ್ಲಿಲ್ಲ. "ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಖಚಿತವಾಗಿ ಹೇಳುವವರೆಗೆ ಒಪ್ಪಬೇಡ" ಎಂದು ಬರೆದರೆ ಅಭ್ಯಾಸ ಅಭ್ಯಾಸವಾಗುತ್ತದೆ.

ಇನ್ನು ಅರ್ಜಿಗಳು. ಅಮೆಜಾನ್ 2014ರಿಂದ ಕಟ್ಟಿದ ಆಯ್ಕೆ ಸಾಧನ ಹಳೆಯ ಅರ್ಜಿಗಳಿಂದ ಕಲಿತದ್ದು; ಅವು ಹೆಚ್ಚಾಗಿ ಗಂಡಸರವು. ಅರ್ಜಿಯಲ್ಲಿ "ಮಹಿಳಾ" ಎಂಬ ಅರ್ಥದ ಇಂಗ್ಲಿಷ್ ಪದ ಕಂಡರೆ ಅದು ಅಂಕ ಕಡಿಯುತ್ತಿತ್ತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಅಷ್ಟರೊಳಗೆ ಕಂಪನಿ ಅದನ್ನು ಕೈಬಿಟ್ಟಿತ್ತು. ಮಹಿಳಾ ಹಾಕಿ ತಂಡದಲ್ಲಿ ಆಡಿದೆ ಎಂದು ಹೆಮ್ಮೆಯಿಂದ ಬರೆಯುವ ಊರು ನಮ್ಮದು. ಹೆಸರುಗಳೂ ಇಲ್ಲಿ ಬೇರೆ. ಕೊಡಂದೇರ ಮಾದಪ್ಪ ಕಾರಿಯಪ್ಪ ಎಂಬಲ್ಲಿ ಮೊದಲನೆಯದು ಮನೆಹೆಸರು, ಕೊನೆಯದು ಸ್ವಂತ ಹೆಸರು; ಸಾಫ್ಟ್‌ವೇರ್ ತಲೆಕೆಳಗು ಮಾಡಿ ಒಂದೇ ಮನೆತನದ ನಾಲ್ವರನ್ನು ಒಬ್ಬನೆಂದು ಜೋಡಿಸಬಹುದು. ಒಬ್ಬರದೇ ಹಳೆಯ ಪ್ರಮಾಣಪತ್ರದಲ್ಲಿ ಊರಿನ ಹಳೆಯ ಹೆಸರು ಮರ್ಕೆರಾ, ಹೊಸದರಲ್ಲಿ ಮಡಿಕೇರಿ ಎಂದಿದ್ದರೆ ಅವರು ಇಬ್ಬರಾಗಬಹುದು.

ಆದರೂ ಬಳಸುತ್ತೇವೆ ಎನ್ನುವವರು ಒಂದೇ ಅರ್ಜಿಯನ್ನು ಹೆಸರು ಮಾತ್ರ ಬದಲಿಸಿ ಐದು ಸಲ, ಮತ್ತೆ ಏನೂ ಬದಲಿಸದೆ ಐದು ಸಲ ಹಾಕಿ ನೋಡಲಿ. ಏನೂ ಬದಲಿಸದಾಗಲೇ ಅಂಕ ಏರಿಳಿದರೆ ಅದು ಅಳತೆಗೋಲಲ್ಲ. ಅಮೆರಿಕದಲ್ಲಿ 1978ರಲ್ಲಿ ಬಂದ ಐದರಲ್ಲಿ ನಾಲ್ಕರ ಸೂತ್ರವನ್ನೂ ಪ್ರಯೋಗಿಸಬಹುದು; ಒಂದು ಗುಂಪಿನ ಆಯ್ಕೆಯ ಪ್ರಮಾಣ ಹೆಚ್ಚು ಆಯ್ಕೆಯಾದ ಗುಂಪಿನದರ ಐದರಲ್ಲಿ ನಾಲ್ಕು ಪಾಲಿಗಿಂತ (0.8) ಕಡಿಮೆಯಿದ್ದರೆ ಅನುಮಾನಿಸಬೇಕು ಎಂಬುದು ಅದು: ಗಂಡಸರಲ್ಲಿ 40ಕ್ಕೆ 20 ಮಂದಿ, ಹೆಂಗಸರಲ್ಲಿ 30ಕ್ಕೆ 9 ಮಂದಿ ಮುಂದಿನ ಸುತ್ತಿಗೆ ಹೋದರೆ ಶೇ. 50 ಮತ್ತು ಶೇ. 30, ಅನುಪಾತ 0.6. ಅದು 0.8ಕ್ಕಿಂತ ಕಡಿಮೆಯಾದ್ದರಿಂದ ನಿಂತು ಕಾರಣ ಹುಡುಕಬೇಕು. ಹತ್ತಿಪ್ಪತ್ತು ಅರ್ಜಿಗಳಷ್ಟೇ ಬರುವಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಅಷ್ಟು ಅರ್ಜಿಗಳನ್ನು ಕೂತು ಓದಲು ಯಂತ್ರ ಯಾಕೆ ಬೇಕು ಎಂಬುದು ಬೇರೆ ಮಾತು. ಮುಖ ನೋಡಿ ಭಾವನೆ ಅಳೆಯುತ್ತೇವೆನ್ನುವ ವಿಡಿಯೋ ಸಂದರ್ಶನಗಳ ಹತ್ತಿರವೂ ಹೋಗಬೇಡಿ. ಕೆಲಸದ ಜಾಗದಲ್ಲಿ ಭಾವನೆ ಗುರುತಿಸುವ ಎಐಯನ್ನು ಯುರೋಪ್ ಒಕ್ಕೂಟ ಕೆಲವೇ ವಿನಾಯಿತಿಗಳೊಂದಿಗೆ 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ.

ಹಾಜರಾತಿ ನೋಡಿ "ವಿಶ್ವಾಸಾರ್ಹತೆಯ ಅಂಕ" ಕೊಡುವ ಸಾಧನಗಳನ್ನು ಕೊಡಗಿನಲ್ಲಿ ಬಳಸಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಆನೆ ರಸ್ತೆಗಿಳಿದರೆ ಬೆಳಗಿನ ಪಾಳಿಯ ಅರ್ಧ ಜನ ತಡ. ಆಗಸ್ಟಿನಲ್ಲಿ ಗುಡ್ಡ ಜರಿದರೆ ಬಸ್ಸಿಲ್ಲ, ನೆಟ್‌ವರ್ಕೂ ಇಲ್ಲ. ಕೊಯ್ಲು, ಮಣ್ಣಿನ ಕೆಲಸದಲ್ಲಿ ಸವೆದ ಬೆರಳನ್ನು ಥಂಬ್ ಯಂತ್ರ ಒಪ್ಪುವುದಿಲ್ಲ. ಇದಾವುದೂ ಅಂಕಿಯಲ್ಲಿ ಕಾಣದು, ಕಾಣುವುದು "ತಡ" ಮಾತ್ರ.

ಆಧಾರ್, ಬ್ಯಾಂಕ್ ಖಾತೆ, ಆಸ್ಪತ್ರೆಯ ಚೀಟಿಗಳನ್ನು ಉಚಿತ ಚಾಟ್‌ಬಾಟಿಗೆ ಅಂಟಿಸುವ ಅಭ್ಯಾಸ ಕಚೇರಿಗಳಲ್ಲಿ ಶುರುವಾಗಿದೆ, ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಉದ್ಯೋಗದ ಉದ್ದೇಶಕ್ಕೆ ಸ್ವಲ್ಪ ವಿನಾಯಿತಿಯಿದೆ ನಿಜ, ಆದರೆ ಮಾಹಿತಿಯನ್ನು ಭದ್ರವಾಗಿಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಹೆಸರಿನ ಬದಲು ಪ್ರತಿ ಕೆಲಸಗಾರರಿಗೂ ಕೊಟ್ಟ ಸಂಖ್ಯೆ ಹಾಕಿ, ಸಂಖ್ಯೆ ಯಾರದೆಂಬ ಪಟ್ಟಿಯನ್ನು ಕಚೇರಿಯ ಬೀರುವಿನಲ್ಲಿಡಿ.

ಸಹಾಯಕ ನಡೆಯತೊಡಗಿದ ಮೇಲೆ ಅದು "ರೈಟರನ್ನು ಕೇಳಿ" ಎಂದ ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಸೋಮವಾರ ತೆಗೆಸಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಜೆಗೆ ಸಂಬಳವಿದೆಯೇ, ಮಳೆಗೆ ಅರ್ಧ ದಿನದಲ್ಲಿ ಕೆಲಸ ನಿಂತರೆ ಕೂಲಿ ಎಷ್ಟು ಎಂಬಂಥವು ಅಲ್ಲಿರುತ್ತವೆ. ನಿಮ್ಮ ಕಾಗದಗಳಲ್ಲಿ ಎಂದೂ ಬರೆದಿರದ ನಿಯಮಗಳವು. ಅವಕ್ಕೆ ಉತ್ತರ ಎಐ ಬರೆಯಬಾರದು. ಮ್ಯಾನೇಜರ್ ಬರೆದು, ತಾರೀಕು ಹಾಕಿ, ಸಹಿ ಮಾಡಿ, ಆಮೇಲೆ ಫೋಲ್ಡರಿಗೆ ಸೇರಿಸಬೇಕು.